ದನದ ಔಷಧ ಮನುಷ್ಯರ ಹೊಟ್ಟೆ ಸೇರದಂತೆ ತಡೆಯಬೇಕು

ಮಾನ್ಯ ಸಂಪಾದಕರಿಗೆ,

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನುಷ್ಯರ ಔಷಧವೂ ದನಕರುಗಳ ಔಷಧವೂ ಎಷ್ಟೋ ಅಂಗಡಿಗಳಲ್ಲಿ ಒಂದೇ ಕೌಂಟರಿನ ಹಿಂದೆ, ಅಕ್ಕಪಕ್ಕದ ಕಪಾಟುಗಳಲ್ಲಿ ಇರುತ್ತವೆ. ಇಂಥ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ಬಹುಕಾಲ ದುಡಿದ ನನಗೆ, ಜನ ಬಾಯಿಬಿಟ್ಟು ಹೇಳಿಕೊಳ್ಳದ ಒಂದು ರೂಢಿಯ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಬರೆಯಲೇಬೇಕು ಎನಿಸಿದೆ. ಆಕಳಿಗೆಂದು ತಂದ ಹುಳದ ಔಷಧ, ಎಮ್ಮೆಯ ಕಾಲುನೋವಿಗೆ ಬರೆದುಕೊಟ್ಟ ಗುಳಿಗೆ, ನಾಯಿಯ ಮೈಗೆ ಹಚ್ಚುವ ದ್ರಾವಣ ಮನೆಯ ಮನುಷ್ಯರ ಮೈಗೂ ಹೊಟ್ಟೆಗೂ ಸೇರುತ್ತಿವೆ. "ಆಕಳಿಗೆ ಚುಚ್ಚುವ ಮದ್ದನ್ನು ನಾನು ಕುಡಿಯುವುದಾದರೆ ಎಷ್ಟು ಕುಡಿಯಬೇಕು" ಎಂದು ನೇರವಾಗಿ ಕೇಳಿದವರಿದ್ದಾರೆ. ಕೇಳದೆ ಒಯ್ದವರು ಎಷ್ಟು ಮಂದಿ ಎಂಬ ಲೆಕ್ಕ ಯಾವ ಇಲಾಖೆಯ ಕಡತದಲ್ಲೂ ಸಿಗುವುದಿಲ್ಲ.

ಹೀಗೆ ಮಾಡುವವರನ್ನು ತಿಳಿಗೇಡಿಗಳೆಂದು ಬೈದು ಸುಮ್ಮನಾಗುವುದು ಅನ್ಯಾಯ. ಘಟ್ಟದ ಮೇಲಿನ ಒಂಟಿಮನೆಯವರು ಆಕಳಿಗೆ ಹುಷಾರಿಲ್ಲವೆಂದು 1962 ಸಹಾಯವಾಣಿಗೆ ಕರೆ ಮಾಡಿದರೆ ಪಶು ಸಂಜೀವಿನಿ ಎಂಬ ಪಶುಚಿಕಿತ್ಸೆಯ ವಾಹನ ಮನೆಬಾಗಿಲಿಗೆ ಬರುವ ವ್ಯವಸ್ಥೆಯಿದೆ; ಅದೇ ಮನೆಯ ಅಜ್ಜನಿಗೆ ಮಂಡಿನೋವು ಬಂದರೆ ಒಂದು ದಿನದ ಕೆಲಸ ಬಿಟ್ಟು, ಬಸ್ಸು ಹಿಡಿದು, ಪೇಟೆಯ ಆಸ್ಪತ್ರೆಯಲ್ಲಿ ಸರದಿ ಕಾಯಬೇಕು. ಈ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಕೇಳುತ್ತಲೇ ಇದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತ ಮೇಲೆ ಆ ಕೂಗು ಇನ್ನಷ್ಟು ಗಟ್ಟಿಯಾಯಿತು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದಿದ್ದರೂ ದೊಡ್ಡ ಕಾಯಿಲೆಯೆಂದರೆ ಇಂದಿಗೂ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾದ ದಾರಿಯೇ ನೆನಪಾಗುವುದು. ಕೊಟ್ಟಿಗೆಯ ಮಾಡದಲ್ಲಿ ಔಷಧ ಕೈಗೆ ಸಿಗುವಂತಿದ್ದು, ಅದರ ಮೇಲಿನ ಹೆಸರು ಹಿಂದೊಮ್ಮೆ ವೈದ್ಯರು ತಮಗೇ ಬರೆದುಕೊಟ್ಟ ಔಷಧದ ಹೆಸರೇ ಆಗಿದ್ದಾಗ, ಬಡವರು ಅದಕ್ಕೆ ಕೈ ಹಾಕುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೆಸರು ಒಂದೇ ಆಗಿರುವುದರಿಂದಲೇ ಅಪಾಯ ಹೆಚ್ಚು. ಹುಳ, ಕಜ್ಜಿಯಂಥವಕ್ಕೆ ಕೊಡುವ ಐವರ್ಮೆಕ್ಟಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಕೆಟ್ಟ ಔಷಧವಲ್ಲ. ಅದರ ಶೋಧಕ್ಕಾಗಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿದೆ, ಆಫ್ರಿಕಾದಲ್ಲಿ ಲಕ್ಷಾಂತರ ಜನರನ್ನು ಅದು ಕುರುಡಾಗದಂತೆ ಉಳಿಸಿದೆ, ನಮ್ಮಲ್ಲೂ ಕಜ್ಜಿಗೆ ವೈದ್ಯರು ಅದನ್ನು ಬರೆಯುತ್ತಾರೆ. ಮನುಷ್ಯರಿಗೆ ಅದರ ಪ್ರಮಾಣ ಕೆಜಿ ತೂಕಕ್ಕೆ 200 ಮೈಕ್ರೋಗ್ರಾಂ, ಅಂದರೆ 60 ಕೆಜಿ ತೂಗುವವರಿಗೆ 12 ಮಿಲಿಗ್ರಾಂನ ಒಂದು ಗುಳಿಗೆ ಸಾಕು. ದನಗಳಿಗೆ ಚರ್ಮದಡಿ ಚುಚ್ಚುವ ಶೇ 1ರ ದ್ರಾವಣದಲ್ಲಿ ಪ್ರತಿ ಮಿಲಿಲೀಟರಿಗೆ 10 ಮಿಲಿಗ್ರಾಂ ಇರುತ್ತದೆ. ಹಾಗಾದರೆ 10 ಮಿಲಿಲೀಟರಿನ ಪುಟ್ಟ ಸೀಸೆಯೊಂದರಲ್ಲಿ 100 ಮಿಲಿಗ್ರಾಂ, ಅಂದರೆ ಒಬ್ಬ ವಯಸ್ಕ ಮನುಷ್ಯನ ಪ್ರಮಾಣದ ಎಂಟು ಪಟ್ಟಿಗೂ ಹೆಚ್ಚು ಔಷಧ ಇದ್ದಂತಾಯಿತು. ಮನೆಮಂದಿಗೆಲ್ಲ ಕಜ್ಜಿಯಾದಾಗ ಅದನ್ನು ಚಮಚದಲ್ಲಿ ಅಳೆದು ಮಕ್ಕಳಿಗೂ ಕುಡಿಸಿದರೆ ಏನಾದೀತು? ಮಾಮೂಲಿ ಚಹಾ ಚಮಚ ಐದು ಮಿಲಿಲೀಟರ್ ಹಿಡಿಯುತ್ತದೆ. ಅದರಲ್ಲಿನ 50 ಮಿಲಿಗ್ರಾಂ 20 ಕೆಜಿಯ ಮಗುವಿಗೆ ಕೊಡಬೇಕಾದ 4 ಮಿಲಿಗ್ರಾಂನ ಹನ್ನೆರಡು ಪಟ್ಟಿಗಿಂತ ಹೆಚ್ಚು. 15 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗಂತೂ ಗುಳಿಗೆಯ ರೂಪದಲ್ಲೂ ಇದನ್ನು ವೈದ್ಯರು ಸಾಮಾನ್ಯವಾಗಿ ಕೊಡುವುದಿಲ್ಲ. ಪ್ರಮಾಣ ಮೀರಿದರೆ ವಾಂತಿ, ತೂರಾಟ, ರಕ್ತದೊತ್ತಡದ ಕುಸಿತ, ಸೆಳವು, ಕೊನೆಗೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು.

ಈ ಔಷಧದ ಹೆಸರು ನಮ್ಮ ಕರಾವಳಿಯ ಮನೆಮನೆಗೆ ತಲುಪಿದ್ದು ಕೋವಿಡ್ ಕಾಲದಲ್ಲಿ. 2021ರ ಮೇ ತಿಂಗಳಲ್ಲಿ ನೆರೆಯ ಗೋವಾ ಸರ್ಕಾರ 18 ವರ್ಷ ಮೀರಿದ ಎಲ್ಲರಿಗೂ ಐವರ್ಮೆಕ್ಟಿನ್ ಗುಳಿಗೆ ಕೊಡುವುದಾಗಿ ಘೋಷಿಸಿತು. ಪ್ರಯೋಗಗಳ ಹೊರಗೆ ಕೋವಿಡ್‌ಗೆ ಇದನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಆ ಹೊತ್ತಿಗಾಗಲೇ ಹೇಳಿತ್ತು. ಮುಂದೆ ಅಮೆರಿಕದಲ್ಲಿ ಜನ ಕುದುರೆಯ ಪೇಸ್ಟನ್ನೇ ತಿನ್ನತೊಡಗಿದಾಗ, ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಆಗಸ್ಟ್‌ನಲ್ಲಿ "ನೀವು ಕುದುರೆಯಲ್ಲ, ನೀವು ಹಸುವೂ ಅಲ್ಲ" ಎಂದು ಬಹಿರಂಗವಾಗಿ ಹೇಳಬೇಕಾಗಿ ಬಂತು. ಕೋವಿಡ್ ಹೋಯಿತು, ಆದರೆ ಎಲ್ಲ ಕಾಯಿಲೆಗೂ ಆ ಔಷಧ ಆಗುತ್ತದೆಂಬ ನಂಬಿಕೆ ನಮ್ಮ ಕಡೆಯ ಅನೇಕರ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ನೋವಿನ ಗುಳಿಗೆಗಳ ವಿಷಯ ಇದಕ್ಕಿಂತ ಗಂಭೀರವೆಂದು ನನ್ನ ಅಭಿಪ್ರಾಯ, ಏಕೆಂದರೆ ಅವುಗಳ ಬಳಕೆ ಹೆಚ್ಚು. ದನಗಳಿಗೆ ಕೊಡುವ ದೊಡ್ಡ ಗುಳಿಗೆಗಳಲ್ಲಿ ಮೆಲಾಕ್ಸಿಕಾಮ್ ಎಂಬ ನೋವುನಿವಾರಕ 100 ಮಿಲಿಗ್ರಾಂ, ಅದರ ಜೊತೆಗೆ 1500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿಸಿದ ಬಗೆಯೊಂದಿದೆ. ಮನುಷ್ಯರು ದಿನಕ್ಕೆ ತೆಗೆದುಕೊಳ್ಳಬಹುದಾದ ಮೆಲಾಕ್ಸಿಕಾಮ್ ಹೆಚ್ಚೆಂದರೆ 15 ಮಿಲಿಗ್ರಾಂ. "ನಾವು ಇಡೀ ಗುಳಿಗೆ ನುಂಗುವುದಿಲ್ಲ, ನಾಲ್ಕು ಚೂರು ಮಾಡಿ ಒಂದು ಚೂರು ಮಾತ್ರ" ಎನ್ನುವವರು ಗಮನಿಸಬೇಕಾದ ಲೆಕ್ಕ ಇಷ್ಟೇ: ಆ ಕಾಲುಭಾಗದಲ್ಲಿ ಪ್ಯಾರಾಸಿಟಮಾಲ್ ನಾವು ನುಂಗುವ ಒಂದು ಗುಳಿಗೆಗಿಂತ ಕಡಿಮೆಯೇ ಇದ್ದೀತು, ಆದರೆ ಮೆಲಾಕ್ಸಿಕಾಮ್ 25 ಮಿಲಿಗ್ರಾಂ ಇದ್ದು, ಇಡೀ ದಿನದ ಮಿತಿಯನ್ನು ಒಂದೇ ಗುಟುಕಿಗೆ ದಾಟಿಸಿಬಿಡುತ್ತದೆ. ಇನ್ನು ಚಾಕುವಿನಿಂದ ಒಡೆದ ನಾಲ್ಕು ಚೂರುಗಳೂ ಸಮನಾಗಿರುತ್ತವೆಂದು ಯಾರು ಹೇಳಬಲ್ಲರು? ಹೀಗೆ ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವುದು, ಮೂತ್ರಪಿಂಡ ಕೆಡುವುದು, ರಕ್ತದೊತ್ತಡ ಏರುವುದು ಅಪರೂಪವಲ್ಲ. ತೋಟದ ಕೆಲಸ ಮಾಡುತ್ತ ಸಾಕಷ್ಟು ನೀರು ಕುಡಿಯದೆ ಬಿಸಿಲಲ್ಲಿ ಬೆವರುವವರ ಮೂತ್ರಪಿಂಡಕ್ಕೆ ಈ ಹೊಡೆತ ಇನ್ನೂ ಜೋರು.

ನಮ್ಮ ಜಿಲ್ಲೆಯ ಮಟ್ಟಿಗೆ ಇದರಲ್ಲಿ ಇನ್ನೊಂದು ಅಪಾಯ ಅಡಗಿದೆ. ಡಿಸೆಂಬರಿನಿಂದ ಮೇವರೆಗೆ ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನಲ್ಲಿ ಬರುವ ಜ್ವರ ಮಂಗನ ಕಾಯಿಲೆಯೂ ಆಗಿರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗು (ಉಣ್ಣೆ) ಕಚ್ಚುವುದರಿಂದ ಹರಡುವ ಈ ರೋಗದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದು ಮೂಗು, ವಸಡು, ಕರುಳಿನಿಂದ ರಕ್ತಸ್ರಾವವಾಗುವ ಸಂಭವವಿದೆ. ಡೆಂಗಿಯಲ್ಲೂ ಹಾಗೆಯೇ. ಅದಕ್ಕಾಗಿಯೇ ಇಂಥ ಜ್ವರಗಳಲ್ಲಿ ವೈದ್ಯರು ಪ್ಯಾರಾಸಿಟಮಾಲ್ ಬಿಟ್ಟು ಮೆಲಾಕ್ಸಿಕಾಮ್, ಡೈಕ್ಲೋಫಿನ್ಯಾಕ್‌ನಂಥ ನೋವುನಿವಾರಕಗಳನ್ನು ಕೊಡಲು ಹಿಂಜರಿಯುತ್ತಾರೆ. ಮೈಕೈ ನೋವಿನ ಜ್ವರಕ್ಕೆ ಕೊಟ್ಟಿಗೆಯ ಗುಳಿಗೆ ನುಂಗಿದವರು ತಮಗರಿವಿಲ್ಲದೆ ಆ ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತಾರೆ. ಮೂರು ದಿನ ಹಾಗೆ ಕಳೆದು ನಾಲ್ಕನೆಯ ದಿನ ಆಸ್ಪತ್ರೆಗೆ ಬಂದಾಗ, ಮೊದಲು ಏನು ತೆಗೆದುಕೊಂಡಿದ್ದೀರಿ ಎಂದು ವೈದ್ಯರು ಕೇಳಿದರೆ, ದನದ ಗುಳಿಗೆ ಎನ್ನಲು ನಾಚಿಕೆಯಾಗಿ ಏನೂ ಇಲ್ಲ ಎಂದುಬಿಡುವುದು ಎಲ್ಲಕ್ಕಿಂತ ದೊಡ್ಡ ಅನಾಹುತಕ್ಕೆ ಕಾರಣವಾಗುತ್ತದೆ.

ಮಂಗನ ಕಾಯಿಲೆಯ ಭಯದಿಂದ ಹುಟ್ಟಿಕೊಂಡ ಮತ್ತೊಂದು ರೂಢಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ದರಕು (ಒಣ ಎಲೆ) ಗುಡಿಸಲು, ಸೊಪ್ಪು ಕೊಯ್ಯಲು ಬೆಟ್ಟಕ್ಕೆ ಹೋಗುವವರಿಗೆ ಆರೋಗ್ಯ ಇಲಾಖೆ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಡೆಪಾ ತೈಲ ಕೊಡುತ್ತದೆ. ಅದು ಸಿಗದಿದ್ದಾಗ, ಅಥವಾ ಅದರ ಮೇಲೆ ನಂಬಿಕೆ ಸಾಲದಾದಾಗ, ದನದ ಮೈಯ ಉಣುಗು ಉದುರಿಸುವ ಔಷಧವನ್ನೇ ನೀರಿಗೆ ಬೆರೆಸಿ ಕೈಕಾಲಿಗೆ ಒರೆಸಿಕೊಳ್ಳುವವರಿದ್ದಾರೆ. ದನಕ್ಕೆ ಆಗುವುದು ನಮಗೇಕೆ ಆಗದು ಎಂಬುದು ಅವರ ವಾದ. ಆ ಸೀಸೆಗಳಲ್ಲಿ ಇರುವುದು ಹೆಚ್ಚಾಗಿ ಡೆಲ್ಟಾಮೆಥ್ರಿನ್ ಅಥವಾ ಅಮಿಟ್ರಾಜ್ ಎಂಬ ಕೀಟನಾಶಕ. ಡೆಲ್ಟಾಮೆಥ್ರಿನ್ ಚರ್ಮಕ್ಕೆ ತಾಗಿದಲ್ಲಿ ಉರಿ, ಜುಮುಜುಮು, ಮರಗಟ್ಟಿದ ಅನುಭವ ಗಂಟೆಗಟ್ಟಲೆ ಉಳಿಯುತ್ತದೆ. ಅಮಿಟ್ರಾಜ್ ಇನ್ನೂ ಕೆಟ್ಟದ್ದು. ಶೇ 12.5ರ ಗಟ್ಟಿ ದ್ರಾವಣವಾಗಿ ಮಾರಾಟವಾಗುವ ಅದನ್ನು ಲೀಟರ್ ನೀರಿಗೆ ಕೆಲವೇ ಮಿಲಿಲೀಟರ್ ಬೆರೆಸಿ ಬಳಸಬೇಕು. ಆದರೆ ಮುಚ್ಚಳದ ಅಳತೆಯಲ್ಲಿ ಸುರಿಯುವವರೇ ಹೆಚ್ಚು. ಗಾಯದ ಚರ್ಮದ ಮೂಲಕವೋ ಕೈಯಿಂದ ಬಾಯಿಗೋ ಅದು ಮೈ ಸೇರಿದರೆ ಒಂದೆರಡು ಗಂಟೆಯೊಳಗೆ ತೂಕಡಿಕೆ ಶುರುವಾಗಿ, ನಾಡಿ ನಿಧಾನವಾಗಿ, ರಕ್ತದೊತ್ತಡ ಇಳಿದು, ರಕ್ತದಲ್ಲಿ ಸಕ್ಕರೆ ಏರುತ್ತದೆ. ಉಸಿರೂ ಮಂದವಾಗಬಹುದು.

ಕಣ್ಣಿನ ಪಾಪೆ ಕಿರಿದಾಗಿ ನಾಡಿ ನಿಧಾನವಾಗಿರುವ ಈ ರೋಗಿಯನ್ನು ನೋಡಿದರೆ ಹೊಲದ ಕೀಟನಾಶಕ ಕುಡಿದವರಂತೆಯೇ ಕಾಣುತ್ತಾರೆ. ಆ ಕೀಟನಾಶಕಗಳ ವಿಷಕ್ಕೆ ಪ್ರತ್ಯೌಷಧವಿದೆ, ಅಮಿಟ್ರಾಜ್‌ಗೆ ಅಂಥ ನಿರ್ದಿಷ್ಟ ಪ್ರತ್ಯೌಷಧವಿಲ್ಲ. ಉಸಿರಾಟ, ರಕ್ತದೊತ್ತಡ ಕಾಯ್ದುಕೊಂಡರೆ ಬಹುತೇಕರು ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ ಎಂಬುದು ಸಮಾಧಾನದ ಸಂಗತಿ. ಆದರೆ ಮೈಗೆ ಹಚ್ಚಿದ್ದು ಏನೆಂದು ಗೊತ್ತಿಲ್ಲದ ವೈದ್ಯರು ಬೇರೆಯೇ ವಿಷಕ್ಕೆ ಚಿಕಿತ್ಸೆ ಕೊಡುತ್ತ ಹೊತ್ತು ಕಳೆಯಬೇಕಾಗುತ್ತದೆ.

ದನಕ್ಕೆ ಆಗುವುದು ನಮಗೇಕೆ ಆಗದು ಎಂಬ ಪ್ರಶ್ನೆಗೆ ಉತ್ತರ ಬೆಕ್ಕಿನಲ್ಲಿದೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲದು, ಏಕೆಂದರೆ ಅದನ್ನು ನಿರಪಾಯವಾಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಕೋಲಿ ಜಾತಿಯ ಅನೇಕ ನಾಯಿಗಳಲ್ಲಿ ಒಂದು ವಂಶವಾಹಿಯ ದೋಷದಿಂದಾಗಿ ಐವರ್ಮೆಕ್ಟಿನ್ ಮಿದುಳಿಗೆ ನುಗ್ಗುತ್ತದೆ. ಬೇರೆ ನಾಯಿಗಳು ಸಲೀಸಾಗಿ ತಡೆದುಕೊಳ್ಳುವ ಪ್ರಮಾಣ ಅವುಗಳ ಪ್ರಾಣಕ್ಕೆ ಕುತ್ತು ತರುತ್ತದೆ. ನಾಯಿಗೂ ನಾಯಿಗೂ ಇಷ್ಟು ಅಂತರವಿರುವಾಗ ನಾಲ್ಕು ಕೋಣೆಯ ಹೊಟ್ಟೆಯಿರುವ ಆಕಳಿಗೂ ನಮಗೂ ಒಂದೇ ಅಳತೆ ಹೇಗೆ ಹೊಂದೀತು? ಇದರ ಮೇಲೆ, ಪಶು ಔಷಧಗಳ ದ್ರಾವಕ, ಬಣ್ಣ, ಸುವಾಸನೆಗಳನ್ನು ಆಯಾ ಪ್ರಾಣಿಯ ಮೇಲೆ ಪರೀಕ್ಷಿಸಿ ಒಪ್ಪಿಗೆ ಪಡೆದಿರುತ್ತಾರೆಯೇ ಹೊರತು, ಚರ್ಮದಡಿ ಚುಚ್ಚಬೇಕಾದ ದ್ರಾವಣವನ್ನು ಮನುಷ್ಯ ಕುಡಿದರೆ ಏನಾಗುತ್ತದೆಂದು ನೋಡಿರುವುದಿಲ್ಲ.

ಪೇಟೆಯವರು ಇದು ಹಳ್ಳಿಯ ಸಮಸ್ಯೆಯೆಂದು ನಿರಾಳವಾಗುವಂತಿಲ್ಲ. ಕಾರವಾರ, ಕುಮಟಾ, ಶಿರಸಿಯಲ್ಲಿ ಲ್ಯಾಬ್ರಡಾರ್ ಸಾಕಿದ ಮನೆಗಳು ಈಗ ಬೇಕಾದಷ್ಟಿವೆ. ಆ ನಾಯಿಗಳಿಗೂ ವಯಸ್ಸಾಗುತ್ತದೆ, ಥೈರಾಯ್ಡ್ ಕೊರತೆ ಬರುತ್ತದೆ, ಮನುಷ್ಯರ ಗುಳಿಗೆಯ ಹೆಸರಿನದೇ ಗುಳಿಗೆ ಬರೆದುಕೊಡುತ್ತಾರೆ. ಆದರೆ ನಾಯಿಯ ದೇಹ ಲೆವೊಥೈರಾಕ್ಸಿನ್ ಎಂಬ ಆ ಥೈರಾಯ್ಡ್ ಔಷಧವನ್ನು ಬೇಗನೆ ಹೊರಹಾಕುವುದರಿಂದ ಅದಕ್ಕೆ ಕೆಜಿಗೆ ಸುಮಾರು 20 ಮೈಕ್ರೋಗ್ರಾಂ ಬೇಕು. 30 ಕೆಜಿಯ ನಾಯಿಗೆ 600 ಮೈಕ್ರೋಗ್ರಾಂ. ಅದೇ ಮನೆಯ, ಥೈರಾಯ್ಡ್ ಕೊರತೆಯಿರುವ ಅಮ್ಮನಿಗೆ ಬೇಕಾದದ್ದು ಸುಮಾರು 100 ಮೈಕ್ರೋಗ್ರಾಂ. ಇಬ್ಬರ ಗುಳಿಗೆಯೂ ಒಂದೇ ಡಬ್ಬಿಯಲ್ಲಿದ್ದು, ಬೆಳಿಗ್ಗೆ ಕನ್ನಡಕವಿಲ್ಲದೆ ಕೈಗೆ ಸಿಕ್ಕಿದ್ದನ್ನು ಅಮ್ಮ ನುಂಗಿ, ಅದೇ ನಾಲ್ಕಾರು ದಿನ ನಡೆದರೆ, ಎದೆ ಡವಗುಟ್ಟುವುದು, ಕೈ ನಡುಗುವುದು, ಹೃದಯದ ಬಡಿತ ತಾಳ ತಪ್ಪುವುದು ಶುರುವಾಗಬಹುದು. ಬೇಕೆಂದೇ ತೆಗೆದುಕೊಳ್ಳುವವರಂತೆ ಹೀಗೆ ಅದಲುಬದಲಾಗಿ ನುಂಗುವವರೂ ಇರುವುದರಿಂದ, ಸಾಕುಪ್ರಾಣಿಗಳ ಔಷಧಕ್ಕೆ ಬೇರೆ ಡಬ್ಬಿ, ಬೇರೆ ಕಪಾಟು ಇರಲೇಬೇಕು.

ಕ್ಯಾನ್ಸರ್ ರೋಗಿಗಳ ಮನೆಯವರಲ್ಲಿ ನನ್ನದೊಂದು ವಿಶೇಷ ವಿನಂತಿಯಿದೆ. ನಾಯಿ, ದನಗಳ ಜಂತುಹುಳುವಿಗೆ ಕೊಡುವ ಫೆನ್‌ಬೆಂಡಜೋಲ್ ಕ್ಯಾನ್ಸರನ್ನು ಗುಣಪಡಿಸುತ್ತದೆಂಬ ಸುದ್ದಿ 2019ರಲ್ಲಿ ಅಮೆರಿಕದಿಂದ ಹೊರಟು ದಕ್ಷಿಣ ಕೊರಿಯಾದಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ಅಲ್ಲಿನ ಸರ್ಕಾರವೇ ಎಚ್ಚರಿಕೆ ಕೊಡಬೇಕಾಯಿತು. ಈಗ ಅದು ವಾಟ್ಸ್ಯಾಪಿನಲ್ಲಿ ನಮ್ಮೂರಿಗೂ ಬಂದಿದೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಜೀವಕೋಶಗಳ ಮೇಲೆ ಕಂಡದ್ದನ್ನು ಮನುಷ್ಯರ ಚಿಕಿತ್ಸೆಯೆಂದು ನಂಬಿಸುವ ಈ ಸಂದೇಶಗಳು ಫೆನ್‌ಬೆಂಡಜೋಲ್ ಮನುಷ್ಯರ ಬಳಕೆಗೆ ಒಪ್ಪಿಗೆ ಪಡೆದ ಔಷಧವೇ ಅಲ್ಲವೆಂಬುದನ್ನು ಹೇಳುವುದಿಲ್ಲ; ಅದನ್ನು ತೆಗೆದುಕೊಂಡ ಕ್ಯಾನ್ಸರ್ ರೋಗಿಯ ಯಕೃತ್ತು ಹಾನಿಗೊಂಡ ಪ್ರಕರಣ ವೈದ್ಯಕೀಯ ನಿಯತಕಾಲಿಕೆಯಲ್ಲಿ ವರದಿಯಾಗಿರುವುದನ್ನೂ ಹೇಳುವುದಿಲ್ಲ. ಕಿಮೋಥೆರಪಿಯಿಂದ ಮೊದಲೇ ಬಳಲಿದ ಯಕೃತ್ತಿನ ಮೇಲೆ ಈ ಭಾರ ಹೊರಿಸಬೇಡಿ. ಬೇರೆ ದಾರಿಯಿಲ್ಲವೆನಿಸಿ ಈಗಾಗಲೇ ಕೊಡುತ್ತಿದ್ದರೆ, ದಯವಿಟ್ಟು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಅದನ್ನು ಮುಚ್ಚಿಡಬೇಡಿ.

ಕೊಟ್ಟಿಗೆಯ ಕೆಲಸ ನಮ್ಮಲ್ಲಿ ಹೆಚ್ಚಾಗಿ ಹೆಂಗಸರದು. ಆಕಳು ಬೆದೆಗೆ ಬರಲೆಂದು ಕೊಡುವ ಪ್ರೋಸ್ಟಾಗ್ಲಾಂಡಿನ್ ಚುಚ್ಚುಮದ್ದು ಮುಟ್ಟಿದವರ ಚರ್ಮದ ಮೂಲಕವೇ ಮೈಯೊಳಗೆ ಹೋಗುತ್ತದೆ, ಗರ್ಭಿಣಿಯರಲ್ಲಿ ಗರ್ಭಪಾತವಾಗುವ, ಆಸ್ತಮಾ ಇರುವವರಲ್ಲಿ ಉಸಿರು ಕಟ್ಟುವ ಅಪಾಯವಿದೆ. ಆ ಖಾಲಿ ಸೀಸೆ, ಸಿರಿಂಜನ್ನು ಬರಿಗೈಯಲ್ಲಿ ಎತ್ತಿ ಎಸೆಯುವ ಕೆಲಸವನ್ನು ಬಸುರಿ ಹೆಂಗಸರಿಗೆ ಹೇಳಬಾರದು. ಇದನ್ನು ಚುಚ್ಚುಮದ್ದು ಕೊಡಲು ಬಂದವರೇ ಮನೆಯವರಿಗೆ ತಿಳಿಸಬೇಕು.

ಇನ್ನು ಇದಕ್ಕೆ ಏನು ಮಾಡಬಹುದೆಂಬ ವಿಚಾರ. ಪಶು ಔಷಧದ ಮೇಲೆ "ಮನುಷ್ಯರ ಬಳಕೆಗಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ" ಎಂದು ಎದ್ದುಕಾಣುವಂತೆ ಬರೆದು, ಸಾಕುಪ್ರಾಣಿಯ ತಲೆಯ ಚಿತ್ರ ಹಾಕಬೇಕೆಂದು ನಮ್ಮ ಔಷಧ ನಿಯಮಗಳೇ ಹೇಳುತ್ತವೆ. ನಾನು ಕೈಯಲ್ಲಿ ಹಿಡಿದ ಸೀಸೆಗಳಲ್ಲಿ ಹೆಚ್ಚಿನವುಗಳ ಮೇಲೆ ಆ ಮಾತು ಇಂಗ್ಲಿಷಿನಲ್ಲಿತ್ತು, ಚಿತ್ರ ಉಗುರಿನಷ್ಟಿತ್ತು. ಕನ್ನಡ ಮಾತ್ರ ಓದಬಲ್ಲ ರೈತನಿಗೆ ಆ ಎಚ್ಚರಿಕೆ ಇದ್ದೂ ಇಲ್ಲದಂತೆ. ಕೇಂದ್ರದ ನಿಯಮ ಬದಲಾಗುವವರೆಗೆ ಕಾಯದೆ, ಮಾರುವಾಗಲೇ ಕೆಂಪಕ್ಷರದಲ್ಲಿ "ದನದ ಔಷಧ" ಎಂಬ ಕನ್ನಡ ಚೀಟಿ ಅಂಟಿಸುವಂತೆ ಜಿಲ್ಲೆಯ ಔಷಧ ವ್ಯಾಪಾರಿಗಳು ತಾವಾಗಿಯೇ ನಿರ್ಧರಿಸಬಹುದು. ಅದಕ್ಕೆ ತಗಲುವ ಖರ್ಚು ತೀರಾ ಅಲ್ಪ. ಎರಡು ಬಗೆಯ ಔಷಧಗಳಿಗೆ ಬೇರೆ ಬೇರೆ ಕಪಾಟು ಇರಬೇಕೆಂದು ಔಷಧ ನಿಯಂತ್ರಣ ಅಧಿಕಾರಿಗಳು ತಪಾಸಣೆಗೆ ಬಂದಾಗ ಒತ್ತಾಯಿಸಬೇಕು.

ಪ್ಯಾಕಿನ ಗಾತ್ರದ ವಿಷಯದಲ್ಲಿ ನಮ್ಮ ಮುಂದೆ ಒಳ್ಳೆಯದೊಂದು ನಿದರ್ಶನವಿದೆ. ಡೈಕ್ಲೋಫಿನ್ಯಾಕ್ ಕೊಟ್ಟ ದನದ ಕಳೇಬರ ತಿಂದು ರಣಹದ್ದುಗಳು ಅಳಿಯತೊಡಗಿದಾಗ 2006ರಲ್ಲಿ ಪಶುಗಳಿಗೆ ಆ ಔಷಧವನ್ನು ನಿಷೇಧಿಸಲಾಯಿತು. ಆಮೇಲೂ ಮನುಷ್ಯರ ಬಳಕೆಯ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದುದರಿಂದ, 2015ರಲ್ಲಿ ಅದರ ಚುಚ್ಚುಮದ್ದನ್ನು ಒಬ್ಬರಿಗೊಮ್ಮೆ ಸಾಲುವ 3 ಮಿಲಿಲೀಟರಿನ ಪ್ಯಾಕಿಗೆ ಸೀಮಿತಗೊಳಿಸಿದರು. ಮನುಷ್ಯರ ಔಷಧ ದನಗಳಿಗೆ ಹೋಗದಂತೆ ಹೀಗೆ ಬಾಗಿಲು ಹಾಕಲು ಸಾಧ್ಯವಾದರೆ, ದನಗಳ ಔಷಧ ಮನುಷ್ಯರಿಗೆ ಬರುವ ಬಾಗಿಲನ್ನೂ ಹಾಗೆಯೇ ಹಾಕಲು ಸಾಧ್ಯ. ಒಂದೆರಡು ಮಲೆನಾಡು ಗಿಡ್ಡ ಆಕಳು ಸಾಕಿದವರಿಗೆ ಐವರ್ಮೆಕ್ಟಿನ್ ಎರಡು ಮೂರು ಮಿಲಿಲೀಟರ್ ಒಂದೊಂದಕ್ಕೆ ಸಾಕು. ಅವರ ಕೈಗೆ 50 ಮಿಲಿಲೀಟರಿನ ಸೀಸೆ ಹೋದರೆ ಉಳಿದದ್ದು ವರ್ಷಗಟ್ಟಲೆ ಮಾಡದಲ್ಲಿ ಕೂರುತ್ತದೆ. ಸಣ್ಣ ರೈತರಿಗೆ ಸಣ್ಣ ಪ್ಯಾಕು ಮಾತ್ರ ಕೊಡುವುದು, ಪಶುವೈದ್ಯರ ಚೀಟಿಯಿಲ್ಲದೆ ಕೊಡದಿರುವುದು, ಉಳಿದ ಔಷಧವನ್ನು ಪಶು ಚಿಕಿತ್ಸಾಲಯದಲ್ಲಿ ಹಿಂದಕ್ಕೆ ಪಡೆಯುವುದು ಜಿಲ್ಲಾ ಮಟ್ಟದಲ್ಲೇ ಆರಂಭವಾಗಲಿ. ಜೊತೆಗೆ, ಮಂಗನ ಕಾಯಿಲೆಯ ಋತು ಶುರುವಾಗುವ ಮುನ್ನವೇ ಕಾಡಂಚಿನ ಪ್ರತಿ ಮನೆಗೂ ಡೆಪಾ ತೈಲ ತಲುಪಬೇಕು, ಆಶಾ ಕಾರ್ಯಕರ್ತೆಯರು ಅದನ್ನು ಕೊಡುವಾಗ ದನದ ಉಣುಗಿನ ಔಷಧ ಹಚ್ಚಿಕೊಳ್ಳಬಾರದೆಂಬ ಮಾತನ್ನೂ ಸೇರಿಸಬೇಕು. ಮನುಷ್ಯರ ಔಷಧ ದುಬಾರಿಯೆಂದು ಕೊಟ್ಟಿಗೆಯ ಔಷಧಕ್ಕೆ ಹೋಗುವವರಿಗೆ ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಯ ಗುಳಿಗೆ ಸಿಗುತ್ತದೆಂಬುದನ್ನೂ ತಿಳಿಸಬೇಕು.

ಈಗಾಗಲೇ ಯಾರಾದರೂ ಇಂಥ ಔಷಧ ಕುಡಿದಿದ್ದರೆ ಅಥವಾ ಮೈಗೆ ಹಚ್ಚಿಕೊಂಡು ಅಸ್ವಸ್ಥರಾಗಿದ್ದರೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಅಮಿಟ್ರಾಜ್‌ನಂಥವುಗಳನ್ನು ಕ್ಸೈಲೀನ್ ಎಂಬ ದ್ರಾವಕದಲ್ಲಿ ಕರಗಿಸಿರುವುದರಿಂದ ವಾಂತಿಯ ವೇಳೆ ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಆಪತ್ತು. ಚರ್ಮಕ್ಕೆ ತಾಗಿದ್ದರೆ ಬಟ್ಟೆ ಕಳಚಿ ಸೋಪು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಸಲಹೆ ಕೇಳಬಹುದು, ವೈದ್ಯರೂ ಕೇಳಬಹುದು. ಆಸ್ಪತ್ರೆಗೆ ಹೊರಡುವಾಗ ಆ ಸೀಸೆಯನ್ನೋ ಗುಳಿಗೆಯ ಹಾಳೆಯನ್ನೋ ಖಾಲಿಯಾಗಿದ್ದರೂ ಜೊತೆಗೆ ಒಯ್ದು ವೈದ್ಯರ ಕೈಗೆ ಕೊಡಿ, ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ ತೆಗೆದುಕೊಂಡರೆಂಬುದನ್ನೂ ತಿಳಿಸಿ.

ತಮ್ಮ ವಿಶ್ವಾಸಿ,
ಒಬ್ಬ ಫಾರ್ಮಸಿಸ್ಟ್, ಶಿರಸಿ